ಹಗೇವಿನಿಂದ ಬೀರುವಿಗೆ

ಕಷ್ಟಕಾಲಕ್ಕೆಂದು ಒಂದು ಮನೆಯವರು ಏನನ್ನು ಎತ್ತಿಟ್ಟಿದ್ದಾರೆಂದು ನೋಡಿದರೆ ಸಾಕು, ಅವರು ಯಾವುದಕ್ಕೆ ಹೆದರುತ್ತಾರೆಂಬುದು ತಿಳಿಯುತ್ತದೆ.

ನಮ್ಮ ತಾಳವಾಡಿ, ಚಾಮರಾಜನಗರ ಸೀಮೆಯ ಹಿರಿಯರಿಗೆ ಇದ್ದ ದೊಡ್ಡ ಭಯ ಬರದ್ದು. 1876ರಿಂದ 78ರವರೆಗಿನ ಕ್ಷಾಮವನ್ನು ಕನ್ನಡದವರು ಧಾತು ಬರ ಎಂದರು, ತಮಿಳಿನವರು ತಾದು ವರುಷ ಪಂಜಂ ಎಂದರು. ಎರಡೂ ಒಂದೇ ಸಂವತ್ಸರದ ಹೆಸರು. ಮೈಸೂರು ಸಂಸ್ಥಾನದಲ್ಲೇ ಸುಮಾರು ಐದರಲ್ಲೊಂದು ಪಾಲು ಜನ ತೀರಿಹೋದರು.

ಇಂಥ ಕಾಲಕ್ಕೆಂದೇ ರೈತರು ಹಗೇವು ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಕೊಟ್ಟು, ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ಒಳಗಿನ ಕಾಳು ಉಸಿರಾಡಿ ಗಾಳಿಯನ್ನು ಕೆಡಿಸುತ್ತದೆ. ಆ ಗಾಳಿಯಲ್ಲಿ ಹುಳು ಬದುಕದು, ರಾಗಿ ವರ್ಷಗಟ್ಟಲೆ ಕೆಡದು. ಮನುಷ್ಯನೂ ಬದುಕುವುದಿಲ್ಲವೆನ್ನಿ! ಅದಕ್ಕೇ ಬಾಯಿ ತೆಗೆದ ಕೂಡಲೇ ಇಳಿಯದೆ, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದಿದರೆ ಇಳಿಯುವಂತಿಲ್ಲ.

1961ರ ಸುಮಾರಿಗೆ ಅಮೆರಿಕದವರೂ ಹಿತ್ತಲಲ್ಲಿ ನೆಲ ಅಗೆದರು. ಅದು ಅಣುಬಾಂಬಿನ ಹೆದರಿಕೆ. ಡಬ್ಬಿ ಆಹಾರದ ಜೊತೆ ತಾವೂ ಒಳಗೆ ಕೂರುವ ಏರ್ಪಾಡು.

ನಮ್ಮ ಭಯವೂ ಬದಲಾಯಿತು. 1999ರ ಡಿಸೆಂಬರಿನಲ್ಲಿ ನಾನು ಬ್ಯಾಂಕಿನ ಕೌಂಟರಿನಲ್ಲಿದ್ದೆ. ಕಂಪ್ಯೂಟರು ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತಿದ್ದುದರಿಂದ 2000ವನ್ನು 1900 ಎಂದು ತಿಳಿದೀತೆಂಬ ಗುಲ್ಲು. ಕೈಬರಹದ ಲೆಡ್ಜರಿದ್ದ ನಮ್ಮ ಶಾಖೆಗೂ ಬಂದು, "ನಮ್ಮ ದುಡ್ಡು ಇರ್ತದಾ ಸಾರ್?" ಎಂದು ಕೇಳುತ್ತಿದ್ದರು. ದುಡ್ಡು ಇದ್ದಲ್ಲೇ ಇತ್ತು. ಆದರೂ ಬೀರುವಿನ ನೋಟೇ ಭದ್ರ ಎಂಬ ನಂಬಿಕೆ ಹಲವರನ್ನು ಬಿಡಲಿಲ್ಲ.

2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿಯ ನೋಟುಗಳು ರದ್ದಾದವು. ಆಪತ್ತಿಗೆಂದು ಇಟ್ಟದ್ದೇ ಆಪತ್ತಾಯಿತು. ಗಂಡನಿಗೂ ಹೇಳದೆ ಸಾಸಿವೆ ಡಬ್ಬಿಯಲ್ಲಿಟ್ಟ ನೋಟನ್ನು ಹೆಂಗಸರು ಸೆರಗಿಗೆ ಕಟ್ಟಿಕೊಂಡು ಸಾಲಿನಲ್ಲಿ ನಿಂತರು. ರಾಗಿಯ ಬೆಲೆ ಬಿದ್ದರೂ ಮುದ್ದೆಯಾಗುತ್ತದೆ. ನೋಟಿನ ಬೆಲೆ ಇರುವುದು ದೆಹಲಿಯ ಮಾತಿನಲ್ಲಿ.

ಈಗ ಮಳೆ ಹೋಯಿತೆಂಬುದಕ್ಕಿಂತ ದಾರಿ ಹೋಯಿತು, ಕರೆಂಟು ಹೋಯಿತು, ಟವರ್ ಹೋಯಿತು ಎಂದೇ ಗಾಬರಿ. ಎಲ್ಲವೂ ದೂರದಲ್ಲಿ ಯಾರೋ ನಡೆಸುವಂಥವು. ಸುಮ್ಮನೆ ಹುಟ್ಟಿದ ಭಯವೂ ಅಲ್ಲ. 2020ರ ಲಾಕ್‌ಡೌನಿನಲ್ಲಿ ಗಡಿಗೆ ಅಡ್ಡಗಟ್ಟೆ ಬಿತ್ತು. ಇತ್ತ 27 ತಿರುವಿನ ದಿಂಬಂ ಘಾಟಿಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಮನೆಯಲ್ಲಿ ಸಕ್ಕರೆ ಕಾಯಿಲೆಯವರೋ ಬಿ.ಪಿ.ಯವರೋ ಇದ್ದರೆ, ಮಾತ್ರೆ ಇನ್ನೆಷ್ಟು ದಿನಕ್ಕಿದೆ ಎಂದು ಈ ಸಂಜೆಯೇ ಎಣಿಸಿ ನೋಡಿ.