ಮೆಟ್ಟಿನ ಅಂಚು

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆದುಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆ ಕಡೆ ಹೊರಟಿದ್ದವು. ಅವುಗಳ ಹಿಂದೆ ಧೂಳು ಕುಡಿಯುತ್ತ ಬಂದ ಕೊರಿಯರ್ ಹುಡುಗ ಹೆದ್ದಾರಿ ಬದಿಗೆ ನಿಂತು ಫೋನ್ ಮಾಡಿದ. ನಮ್ಮಣ್ಣನ ಮಗ ಓಡಿಹೋಗಿ ಎದೆಮಟ್ಟದ ರಟ್ಟಿನ ಪೆಟ್ಟಿಗೆಯೊಂದನ್ನು ಹೆಗಲ ಮೇಲೆ ಹೊತ್ತು ತಂದ. ಕಟ್ಟೆ ಮೇಲೆ ಕೂತಿದ್ದ ಅವ್ವ, "ಏನೋ ಅದು, ಫ್ಯಾನೇನು?" ಅಂದಳು.

ಫ್ಯಾನಲ್ಲ, ಎಲೆಕ್ಟ್ರಿಕ್ ಗಿಟಾರ್. 8,999 ರೂಪಾಯಿ, ಅವನ ಎರಡು ವರ್ಷದ ಉಳಿತಾಯ. ಕಡುನೀಲಿ ಬಣ್ಣ, ಮುಖ ಕಾಣುವಷ್ಟು ಹೊಳಪು. 1954ರಲ್ಲಿ ಅಮೆರಿಕದ ಫೆಂಡರ್ ಕಂಪನಿ ತಂದ ಸ್ಟ್ರಾಟೊಕಾಸ್ಟರಿನದೇ ಎರಡು ಕೊಂಬು. ಜಗತ್ತಿನ ಅಗ್ಗದ ಗಿಟಾರುಗಳಲ್ಲಿ ಎಷ್ಟೋ ಅದರದೇ ಮರಿಗಳು. ಕುತ್ತಿಗೆಯ ಹಿಂದೆ ಉಗುರಿನಷ್ಟು ಬಂಗಾರಬಣ್ಣದ ಚೀಟಿ: ಕ್ಯೂಸಿ ಪಾಸ್ಡ್.

ಹುಡುಗ ಎಡಗೈಯನ್ನು ಕುತ್ತಿಗೆಯ ಉದ್ದಕ್ಕೂ ಒಮ್ಮೆ ಜಾರಿಸಿ ಥಟ್ಟನೆ ಹಿಂದಕ್ಕೆಳೆದುಕೊಂಡ. ತೋರುಬೆರಳ ಬುಡದಲ್ಲಿ ಕೆಂಪು ಗೀರು. ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟುಗಳ ತುದಿ ಕಟ್ಟಿಗೆಯ ಅಂಚು ದಾಟಿ ಕೂದಲೆಳೆಯಷ್ಟು ಹೊರಗೆ ಬಂದಿದ್ದವು. ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಿಗುತ್ತದೆ. 21 ಮೆಟ್ಟು, ಎರಡೂ ಬದಿ ಸೇರಿ 42 ಹಲ್ಲು.

ಆಂಪ್ಲಿಫೈಯರಿಗೆ ಜೋಡಿಸಿದರೆ ಇನ್ನೊಂದು ರಗಳೆ. ಜೇನುಹುಟ್ಟಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಎನ್ನುವ ಸದ್ದು. ತಂತಿ ಮುಟ್ಟಿದರೂ ನಿಲ್ಲದು; ವೈರ್ ಚುಚ್ಚುವ ಕಡೆಯ ತಗಡಿಗೆ ಬೆರಳಿಟ್ಟರೆ ತಕ್ಷಣ ತಣ್ಣಗಾಗುತ್ತದೆ. ವಾಪಸು ಕಳಿಸು ಅಂದೆ. ಹುಡುಗ ಗಿಟಾರನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡ.

ಬಸ್ ಸ್ಟ್ಯಾಂಡ್ ಹತ್ತಿರದ ಟಿವಿ ರಿಪೇರಿಯವನು ಅದರ ಬೆನ್ನಿನ ಪ್ಲೇಟ್ ಬಿಚ್ಚಿದ. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸುತ್ತಿನದು. ಗಿಟಾರಿನ ಪಿಕಪ್ ಎಂಬ ತಾಮ್ರದ ಸುರುಳಿ ತಂತಿಯ ನಡುಕದ ಜೊತೆಗೆ ಗೋಡೆಯೊಳಗಿನ ಆ ಕರೆಂಟಿನ ಗುಂಯ್ ಸದ್ದನ್ನೂ ಹೀರುತ್ತದೆ. ನುಡಿಸುವವನ ಮೈಯೂ ಅದನ್ನು ಹಿಡಿದು ಒಳಗೆ ದಾಟಿಸುತ್ತದೆ. ತಂತಿಗಳನ್ನು ಹೊತ್ತ ಕುದುರೆಯಿಂದ ಹೊರಟ ಒಂದು ವೈರು ಅವನ್ನು ಅರ್ತಿಂಗಿಗೆ ಕಟ್ಟಿದ್ದರೆ, ಕೈ ತಂತಿ ಮೇಲೆ ಬಿದ್ದಕೂಡಲೇ ಬಹುಪಾಲು ಸದ್ದು ಅಡಗಬೇಕು. ಆತ ಆ ವೈರನ್ನು ಚಿಮಟಿಯಿಂದ ಸುಮ್ಮನೆ ಮುಟ್ಟಿದ. ಕಳಚಿ ಬಂತು.

"ಬೆಸುಗಿ ಹಿಡದೇ ಇಲ್ರಿ, ಬರೇ ಮ್ಯಾಲ ಕುಂತೈತಿ."

ಎರಡು ನಿಮಿಷದ ಕೆಲಸ. ಇಪ್ಪತ್ತು ರೂಪಾಯಿ ತಗೊಂಡ.

ಮೆಟ್ಟಿನ ಕೆಲಸ ಬಡಿಗ್ಯಾರ ಕಾಕಾನ ಪಾಲಿಗೆ ಬಂತು. ಕಾಕಾ ಕನ್ನಡಕ ಹಣೆಗೇರಿಸಿ, ಕುತ್ತಿಗೆಯನ್ನು ಬಂದೂಕಿನ ಹಾಗೆ ಹಿಡಿದು, ಒಂದು ಕಣ್ಣಿನಿಂದ ಉದ್ದಕ್ಕೂ ನೋಡಿದರು. "ತಂಪ ಸೀಮ್ಯಾಗ ಮಾಡ್ಯಾರ ಇದನ್ನ. ಇಲ್ಲಿ ಬಂದು ಕಟಗಿ ಒಣಗೇತಿ, ಕಬ್ಬಣ ಒಣಗೂದಿಲ್ಲಲ್ಲ. ಚಕ್ಕಡಿ ಗಾಲಿ ನೋಡಿಲ್ಲೇನೋ ತಮ್ಮಾ?"

ಅವನೆಲ್ಲಿ ನೋಡಬೇಕು. ನಾನು ನೋಡಿದ್ದೇನೆ: ಬ್ಯಾಸಗಿಯಲ್ಲಿ ಗಾಲಿ ಒಣಗಿ ಕಬ್ಬಿಣದ ಹಳಿ ಸಡಿಲಾದರೆ ಬಿಚ್ಚಿ ಮಲಪ್ರಭೆಯ ಮಡುವಿಗೆ ಹಾಕುತ್ತಿದ್ದರು. ಕಟ್ಟಿಗೆ ನೀರು ಕುಡಿದು ಉಬ್ಬಿ ಹಳಿಯನ್ನು ಮತ್ತೆ ಕಚ್ಚುತ್ತಿತ್ತು. ಗಿಟಾರನ್ನು ಶರಣೆ ಗಂಗಾಂಬಿಕೆಯ ಐಕ್ಯಮಂಟಪದ ಮುಂದಿನ ಹೊಳೆಗೆ ಅದ್ದುವ ಹಾಗಿಲ್ಲವಲ್ಲ. ಕಾಕಾ ಸಣ್ಣ ಹಲ್ಲಿನ ಅರ ತೆಗೆದರು. ಕಟ್ಟಿಗೆಗೆ ಗೀರು ಬೀಳದಂತೆ ಅಂಚಿಗೆ ಟೇಪು ಅಂಟಿಸಿ, ಒಂದೇ ದಿಕ್ಕಿಗೆ, ಉಸಿರು ಹಿಡಿದು ಉಜ್ಜಿದರು. ಮಡಿಲಿನ ಧೋತರದ ಮೇಲೆ ಬೆಳ್ಳಿಪುಡಿ ಉದುರತೊಡಗಿತು.

ಇಲ್ಲಿಂದ ಬೆಳಗಾವಿ ದಾಟಿ ಹೋದರೆ ಮಿರಜ್. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಅಲ್ಲಿ ತಂಬೂರಿ ಸಿದ್ಧವಾದರೂ ಕೆಲಸ ಮುಗಿಯುವುದಿಲ್ಲ. ಕುದುರೆಯ ಮೈಯನ್ನು ಇಷ್ಟಿಷ್ಟೇ ಉಜ್ಜಿ, ತಂತಿ ಮೀಟಿ, ಕಿವಿಗೊಟ್ಟು, ಮತ್ತೆ ಉಜ್ಜಿ 'ಜವಾರಿ' ತೆಗೆಯುತ್ತಾರೆ. ಕೋಳಿ, ಸವತಿಕಾಯಿಗೆ ನಾವು ಜವಾರಿ ಅನ್ನುವುದು ಬೇರೆ, ಇದು ತಂತಿಯ ಝೇಂಕಾರ. ನಮ್ಮ ಗಿಟಾರಿನ ಕಟ್ಟಿಗೆ ಕೆಟ್ಟದ್ದಲ್ಲ, ಯಂತ್ರ ಕೊರೆದದ್ದೂ ನೇರವಾಗಿಯೇ ಇದೆ. ಆದರೆ ಕೊನೆಯ ಅರ್ಧ ತಾಸು ಒಬ್ಬ ಮನುಷ್ಯ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿಲ್ಲ. ಆ ಅರ್ಧ ತಾಸಿನ ಕೂಲಿ ಉಳಿಸಿದ್ದಕ್ಕೇ ಬೆಲೆ ಇಷ್ಟು ಇಳಿದಿದೆ ಅಂತ ನನ್ನ ಗುಮಾನಿ.

ಇನ್ನು ಕುತ್ತಿಗೆಯ ಬಾಗು ಅಳೆಯಲು ಬೈಕ್ ಮೆಕ್ಯಾನಿಕ್ ಹತ್ತಿರ ಟ್ಯಾಪೆಟ್ ನೋಡುವ ಫೀಲರ್ ಗೇಜ್ ಎರವಲು ತಂದೆವು. ಆರು ತಂತಿ ಸೇರಿ ಕುತ್ತಿಗೆಯನ್ನು ಎಳೆಯುವ ಬಲ ಸುಮಾರು 45 ಕಿಲೋ, ಸಿಮೆಂಟ್ ಚೀಲಕ್ಕೆ ಸ್ವಲ್ಪವೇ ಕಡಿಮೆ. ಅದಕ್ಕೆ ಎದುರಾಗಿ ಒಳಗಿರುವ ಉಕ್ಕಿನ ಸರಳನ್ನು ಕಾಲು ಸುತ್ತು ಬಿಗಿದಾಗ, ಕುತ್ತಿಗೆಯ ನಡುವಿನ ತಗ್ಗು ಕಾಲು ಮಿಲಿಮೀಟರಿಗೆ ಬಂದು ನಿಂತಿತು. 12ನೇ ಮೆಟ್ಟು ತಂತಿಯ ನಟ್ಟನಡುವೆ. ಅಲ್ಲಿ ಒತ್ತಿದರೆ ಬಿಟ್ಟ ತಂತಿಯ ಸ್ವರವೇ ಒಂದು ಸಪ್ತಕ ಮೇಲೆ ಕೇಳಬೇಕು. ಮೂರನೇ ತಂತಿ ಏರಿ ಕೂಗುತ್ತಿತ್ತು. ಅದರ ಕುದುರೆಯನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ ಸರಿಸಿದ ಮೇಲೆ ಸರಿಹೋಯಿತು.

ಕೊನೆಗೆ ಉಳಿದದ್ದು ಏಳನೆಯ ಮೆಟ್ಟು. ಆರರಲ್ಲಿ ಒತ್ತಿದರೆ ಏಳರ ಸ್ವರ. ಕಾಕಾ ಎಟಿಎಂ ಕಾರ್ಡಿನ ಅಂಚನ್ನು ಮೂರು ಮೆಟ್ಟುಗಳ ಮೇಲೆ ನಿಲ್ಲಿಸಿ ಅಲ್ಲಾಡಿಸಿದರು: ಟಕ್, ಟಕ್. ಮರದ ಕೊಡತಿಯಿಂದ ಮೆಲ್ಲಗೆ ಬಡಿದರು. ಕೂತಿತು, ಕೈ ತೆಗೆದೊಡನೆ ಮತ್ತೆ ಎದ್ದಿತು.

"ಸಡಲ ಆಗೇತಿ ಮೆಟ್ಟಿನ ಸಂದಿ. ಇವತ್ತ ಒಯ್ಯಬ್ಯಾಡ್ರಿ."

ತಂತಿ ಸಡಿಲಿಸಿ, ಮೆಟ್ಟಿನ ಬುಡಕ್ಕೆ ಸೂಜಿಮೊನೆಯಷ್ಟು ಅಂಟು ಬಿಟ್ಟು, ಮೇಲೆ ತೇಗದ ಚಕ್ಕೆಯಿಟ್ಟು ಕ್ಲಾಂಪ್ ಬಿಗಿದರು. ಅರ್ಧ ಕೀಸಿದ ಬಾಗಿಲ ಚೌಕಟ್ಟು, ಯಾರದೋ ಮನೆಯ ತೊಟ್ಟಿಲು, ಅವುಗಳ ನಡುವೆ ಗಿಟಾರು ಮಲಗಿತು. ಹುಡುಗ ಹೊಸ್ತಿಲು ದಾಟಿ ಎರಡು ಸಲ ಹಿಂತಿರುಗಿ ಬಂದು, ಅದರ ಮೇಲೆ ಹೊಟ್ಟು ಬೀಳದ ಹಾಗೆ ತನ್ನ ಟವೆಲು ಹೊದಿಸಿದ.