ಪಂದಿಕರಿ ಬಿಟ್ಟರಷ್ಟೇ ಸಾಲದು

"ಎರಡು ತಿಂಗಳಿಂದ ಪಂದಿಕರಿ ಮುಟ್ಟಿಲ್ಲ ಡಾಕ್ಟ್ರೇ. ಆದರೂ ಕೊಲೆಸ್ಟರಾಲ್ ಇಳಿದಿಲ್ಲವಲ್ಲ?"

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ರಕ್ತಪರೀಕ್ಷೆಯ ವರದಿಯನ್ನು ಮೇಜಿನ ಮೇಲಿಟ್ಟು ಕೇಳಿದ ಪ್ರಶ್ನೆಯಿದು. ವಯಸ್ಸು 52. ಅವರ ತಂದೆ 54ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಹಾಗಾಗಿ ಅವರ ಆತಂಕ ಸಹಜವೇ. 'ಕೆಟ್ಟ ಕೊಲೆಸ್ಟರಾಲ್' ಎನ್ನುವ ಎಲ್‌ಡಿಎಲ್ 168ರಿಂದ 163ಕ್ಕೆ ಇಳಿದಿತ್ತು, ಅಷ್ಟೆ.

ಮನೆಯೂಟದ ವಿವರ ಕೇಳಿದಾಗ ಕಾರಣ ತಿಳಿಯಿತು. ಒಗ್ಗರಣೆಗೂ ಕರಿಯುವುದಕ್ಕೂ ಕೊಬ್ಬರಿ ಎಣ್ಣೆ, ಬೆಳಗಿನ ಅಕ್ಕಿ ರೊಟ್ಟಿಗೆ ಧಾರಾಳ ತುಪ್ಪ, ಸಂಜೆಯ ಕಾಫಿ ಜೊತೆ ಬೇಕರಿ ಪಫ್ಸ್!

ಕೊಲೆಸ್ಟರಾಲಿನ ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ತೆಗೆದುಹಾಕುವ ಮುಖ್ಯ ಕೆಲಸ ಪಿತ್ತಜನಕಾಂಗದ್ದು. ಆಹಾರದಲ್ಲಿ ಸಂತೃಪ್ತ ಕೊಬ್ಬು ಹೆಚ್ಚಾದರೆ ಈ ಕೆಲಸ ಕುಂಠಿತವಾಗುತ್ತದೆ. ಹಂದಿಯ ಕೊಬ್ಬಿನಲ್ಲಿ ಸಂತೃಪ್ತ ಕೊಬ್ಬು ಸುಮಾರು ಶೇ. 40, ತುಪ್ಪದಲ್ಲಿ ಸುಮಾರು ಶೇ. 60, ಕೊಬ್ಬರಿ ಎಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚು. ಎಂದಮೇಲೆ ಪಂದಿಕರಿಯೊಂದನ್ನೇ ದೂರಿ ಫಲವೇನು?

ಹಾಗಾದರೆ ಏನು ಮಾಡಬೇಕು?

ಮೊದಲು ಎಣ್ಣೆಯ ಲೆಕ್ಕವಿಡಿ. ಒಬ್ಬರಿಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಕು. ಅದೂ ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆಯಾಗಿರಲಿ. ಕಡಂಬುಟ್ಟು, ನೂಪುಟ್ಟುಗಳು ಹಬೆಯಲ್ಲಿ ಬೇಯುವಂಥವು, ಅವುಗಳಿಗೆ ಎಣ್ಣೆ ಬೇಕಿಲ್ಲ. ಆದರೆ ಅಕ್ಕಿಯ ಪ್ರಮಾಣ ಮಿತವಾಗಿರಲಿ. ಜೊತೆಗೆ ತೆಂಗಿನಹಾಲಿನ ಸಾರಿನ ಬದಲು ಹುರುಳಿ, ಅಲಸಂದೆ ಅಥವಾ ಕಡಲೆಯ ಸಾರು ಮಾಡಿ. ಇವುಗಳಲ್ಲಿನ ಕರಗುವ ನಾರು ಎಲ್‌ಡಿಎಲ್ ಇಳಿಸಲು ನೆರವಾಗುತ್ತದೆ. ಕಿತ್ತಳೆಯನ್ನು ರಸ ಹಿಂಡದೆ ತೊಳೆತೊಳೆಯಾಗಿ ತಿನ್ನಿ. ಮೀನು ತಿನ್ನುವವರು ಮತ್ತಿ, ಬಂಗುಡೆಗಳನ್ನು ಕರಿಯದೆ ಸಾರು ಮಾಡಿಕೊಳ್ಳಿ. ಬೇಕರಿ ತಿಂಡಿಯ ಬದಲು ಒಂದು ಹಿಡಿ ಹುರಿದ ಕಡಲೆ ಸಾಕು.

ಕೈಲ್‌ಮುಹೂರ್ತ, ಹುತ್ತರಿಗಳಲ್ಲಿ ಪಂದಿಕರಿ ಇಲ್ಲದ ಊಟ ಹೇಗೆಂದು ಕೇಳುವವರಿದ್ದಾರೆ. ಕೊಬ್ಬು ಕಡಿಮೆಯಿರುವ ಮಾಂಸ ಆರಿಸಿ, ಹಿಂದಿನ ದಿನವೇ ಬೇಯಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಮೇಲೆ ಗಟ್ಟಿಯಾದ ಬಿಳಿ ಕೊಬ್ಬನ್ನು ತೆಗೆದು ಮತ್ತೆ ಬಿಸಿ ಮಾಡಿ ಬಡಿಸಿ. ಕಾಚಂಪುಳಿ ಹಾಕಿದರೆ ಕೊಬ್ಬೆಲ್ಲ ಕರಗುತ್ತದೆಂಬ ನಂಬಿಕೆ ಬೇಡ. ಅದು ರುಚಿಗಷ್ಟೆ. ವರ್ಷಕ್ಕೆರಡು ಹಬ್ಬದೂಟದಿಂದ ಪಥ್ಯ ಕೆಡುವುದಿಲ್ಲ. ಅದು ಕೆಡುವುದು ನಿತ್ಯದ ಬಾಣಲೆಯಿಂದ.

ಇನ್ನೊಂದು ಮಾತು. ಮನೆಯ ಯಜಮಾನರಿಗೊಂದು, ಉಳಿದವರಿಗೊಂದು ಅಡುಗೆ ಎಂದರೆ ಪಥ್ಯ ತಿಂಗಳೂ ಬಾಳುವುದಿಲ್ಲ. ಮನೆಮಂದಿಗೆಲ್ಲ ಒಂದೇ ಅಡುಗೆ ಇರಲಿ. ತಂದೆಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಮಕ್ಕಳಿಗೂ ಈ ಊಟವೇ ಒಳ್ಳೆಯದು.

ನಮ್ಮ ಬೆಳೆಗಾರರ ಮನೆಯವರು ಹಾಗೆಯೇ ಮಾಡಿದರು. ಮೂರು ತಿಂಗಳ ನಂತರ ಎಲ್‌ಡಿಎಲ್ 144ಕ್ಕೆ ಬಂತು. ಪಥ್ಯದಿಂದ ಸಾಮಾನ್ಯವಾಗಿ ಶೇ. 10ರಿಂದ 15ರಷ್ಟು ಇಳಿಕೆಯನ್ನು ನಿರೀಕ್ಷಿಸಬಹುದು. ತಂದೆಯ ಇತಿಹಾಸವಿದ್ದುದರಿಂದ ಅವರಿಗೆ ಅಷ್ಟು ಸಾಲದು, ಮಾತ್ರೆಯನ್ನೂ ಆರಂಭಿಸಬೇಕಾಯಿತು. "ಹಾಗಾದರೆ ಪಥ್ಯ ಮಾಡಿದ್ದು ವ್ಯರ್ಥವೇ?" ಎಂದರು. ಖಂಡಿತ ಇಲ್ಲ. ಪಥ್ಯವಿದ್ದರೆ ಕಡಿಮೆ ಪ್ರಮಾಣದ ಮಾತ್ರೆಯೇ ಸಾಕಾಗಬಹುದು.

ನೀವು ಈಗಾಗಲೇ ಮಾತ್ರೆ ಸೇವಿಸುತ್ತಿದ್ದರೆ, ಪಥ್ಯ ಹಿಡಿದೆನೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ. ಹೊಗೆಸೊಪ್ಪು, ಸಿಗರೇಟುಗಳನ್ನು ಮಾತ್ರ ಯಾರನ್ನೂ ಕೇಳದೆ ಇಂದೇ ಬಿಡಿ.