ಆಡುವವರ ಮಾತಿಗೂ ಒಂದು ಸ್ಥಾನ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ತರುಣರಲ್ಲಿ ಕೆಲವರು ಪತ್ರಿಕೆ ನೋಡಿ ಮುಗಿಸಿದ ಮೇಲೆ ಮೊಬೈಲು ತೆಗೆದು ವೀಡಿಯೋ ಆಟಕ್ಕೆ ಕೂಡುವುದುಂಟು. ಹಿರಿಯರು ಅದನ್ನು ಕಂಡು ಮುಖ ಸಿಂಡರಿಸುವುದೂ ಉಂಟು. ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ಈಚೆಗೆ ಒಬ್ಬ ಹುಡುಗ, “ಅಣ್ಣಾ, ಎರಡು ವರ್ಷ ಆಡಿದ ಆಟವನ್ನು ಕಂಪನಿಯವರು ಒಂದೇ ರಾತ್ರಿಯಲ್ಲಿ ಬದಲಾಯಿಸಿಬಿಟ್ಟರು. ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ?” ಎಂದ. ಪ್ರಶ್ನೆ ನ್ಯಾಯವಾದದ್ದೆಂದು ತೋರಿತು. ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತು.

ಚದುರಂಗದ ಮಣೆಯನ್ನು ಒಮ್ಮೆ ಕೊಂಡು ತಂದರೆ ಅದು ನಮ್ಮದು. ಮಾರಿದವನು ಮನೆಗೆ ಬಂದು ಆನೆಯ ನಡೆಯನ್ನು ತಿದ್ದಲಾರ. ಇಂದಿನ ಆನ್‌ಲೈನ್ ಆಟಗಳ ಸಂಗತಿ ಹಾಗಲ್ಲ. ಆಟ ನಡೆಯುವುದು ಕಂಪನಿಯ ಯಂತ್ರಗಳಲ್ಲಿ. ಕತ್ತಿಯ ಬಲ, ಹಡಗಿನ ಬೆಲೆ, ಗೆಲ್ಲುವ ದಾರಿ ಎಲ್ಲವೂ ಕಂಪನಿಯ ಕೈಯಲ್ಲಿ. ಆಡುವವನು ವರ್ಷಗಟ್ಟಲೆ ದುಡಿದು ಗಳಿಸಿದ್ದನ್ನು ಒಂದು ತಿದ್ದುಪಡಿ ಮಣ್ಣುಪಾಲು ಮಾಡಬಹುದು. ಆದುದರಿಂದಲೇ ಆಡುವವರಿಗೆ ಒಂದು ಮಾತಿರಬೇಕೆಂಬ ಬೇಡಿಕೆ ಹುಟ್ಟಿತು.

ಇದಕ್ಕೆ ಒಳ್ಳೆಯ ದೃಷ್ಟಾಂತ ‘ಈವ್ ಆನ್‌ಲೈನ್’ ಎಂಬ ಆಟ. ಐಸ್‌ಲೆಂಡ್ ದೇಶದ ರಾಜಧಾನಿ ರೇಕ್ಯಾವಿಕ್‌ನ ಸಿಸಿಪಿ ಎಂಬ ಕಂಪನಿ ಇದನ್ನು 2003ರಲ್ಲಿ ಹೊರತಂದಿತು. ನಕ್ಷತ್ರಲೋಕದಲ್ಲಿ ಹಡಗು ನಡೆಸಿ, ಗಣಿ ತೋಡಿ, ವ್ಯಾಪಾರ ಮಾಡಿ, ಕೂಟ ಕಟ್ಟಿಕೊಂಡು ಕಾದಾಡುವ ಆಟವಿದು. ಸಾವಿರಾರು ಜನ ಒಂದೇ ಲೋಕದಲ್ಲಿ ಆಡುವುದರಿಂದ ಒಬ್ಬನಿಗೆ ಮಾಡಿದ ಪಕ್ಷಪಾತ ಎಲ್ಲರಿಗೂ ತಟ್ಟುತ್ತದೆ. 2007ರಲ್ಲಿ ಅಂಥದೇ ಒಂದು ಪ್ರಕರಣ ಬೆಳಕಿಗೆ ಬಂತು. ಕಂಪನಿಯ ನೌಕರನೊಬ್ಬ ತಾನೂ ಆಟಗಾರನಾಗಿದ್ದು, ತನ್ನ ಕೂಟಕ್ಕೆ ಬೆಲೆಬಾಳುವ ನಕಾಶೆಗಳನ್ನು ಅಕ್ರಮವಾಗಿ ಒದಗಿಸಿದ್ದ. ಅಂಪೈರನೇ ಒಂದು ತಂಡದ ಪರವಾಗಿ ಬ್ಯಾಟು ಹಿಡಿದಂತಾಯಿತು. ಹೋದ ನಂಬಿಕೆಯನ್ನು ಮರಳಿ ಗಳಿಸಲು ಕಂಪನಿ, ಆಟಗಾರರೇ ಆರಿಸುವ ಒಂದು ಮಂಡಲಿಯನ್ನು ಏರ್ಪಡಿಸಿತು. ಅದರ ಮೊದಲ ಚುನಾವಣೆ 2008ರಲ್ಲಿ ನಡೆಯಿತು.

ಈ ಮಂಡಲಿಯ ಸದಸ್ಯರು ಕಂಪನಿಯ ನೌಕರರಲ್ಲ. ದೇಶವಿದೇಶಗಳ ಸಾಮಾನ್ಯ ಆಟಗಾರರು. ಮುಂದೆ ಮಾಡಲಿರುವ ಬದಲಾವಣೆಗಳನ್ನು ಕಂಪನಿ ಇವರಿಗೆ ಮೊದಲೇ ತಿಳಿಸಿ ಅಭಿಪ್ರಾಯ ಕೇಳುತ್ತದೆ. ಗುಟ್ಟು ಬಿಡುವುದಿಲ್ಲವೆಂದು ಅವರು ಕರಾರಿಗೆ ಸಹಿ ಹಾಕಬೇಕು. ಆದರೆ ಮಂಡಲಿಗಿರುವುದು ಸಲಹೆಯ ಅಧಿಕಾರ ಮಾತ್ರ. ನಮ್ಮಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಕಾರ್ಮಿಕರೂ ಮಾಲೀಕರ ಕಡೆಯವರೂ ಕೂಡಿ ಕೂರುವ ವರ್ಕ್ಸ್ ಕಮಿಟಿಗೆ ಅವಕಾಶವಿತ್ತಷ್ಟೆ. ಅಂಥ ಕಮಿಟಿ ಕಂಡವರಿಗೆ ಈ ಮಿತಿ ಹೊಸದೇನಲ್ಲ: ಹೇಳುವವರು ನಾವು, ಮಾಡುವವರು ಅವರು.

ಹಾಗಾದರೆ ಇಂಥ ಮಾತಿನಿಂದ ಏನು ಪ್ರಯೋಜನ? 2011ರಲ್ಲಿ ಇದರ ಪರೀಕ್ಷೆಯಾಯಿತು. ಆ ಜೂನ್ ತಿಂಗಳಲ್ಲಿ ಕಂಪನಿ ಆಟದೊಳಗೊಂದು ಅಂಗಡಿ ತೆರೆದು, ಪಾತ್ರಗಳು ಧರಿಸುವ ಒಂಟಿಗಣ್ಣಿನ ಕನ್ನಡಕವೊಂದಕ್ಕೆ ಅರವತ್ತು ಡಾಲರಿಗೂ ಮೇಲೆ ಬೆಲೆ ಇಟ್ಟಿತು. ಕೈಗೆ ಸಿಗದ, ಕಣ್ಣಿಗೆ ಮಾತ್ರ ಕಾಣುವ ಕನ್ನಡಕ! ಅಷ್ಟರಲ್ಲಿ ಕಂಪನಿಯ ಒಳಗಿನ ಬರಹಗಳು ಹೊರಬಿದ್ದು, ಮುಂದೆ ಗೆಲ್ಲುವ ಬಲವನ್ನೇ ಹಣಕ್ಕೆ ಮಾರಿಯಾರೆಂಬ ಭಯ ಹಬ್ಬಿತು. ಆಟಗಾರರ ಮಾತಿಗಿಂತ ಅವರ ನಡತೆಯನ್ನು ನೋಡೋಣ ಎಂಬರ್ಥದಲ್ಲಿ ಮುಖ್ಯಾಧಿಕಾರಿ ಬರೆದಿದ್ದ ಪತ್ರವೂ ಬಯಲಾಯಿತು. ಆಟಗಾರರು ನಡತೆಯಲ್ಲಿಯೇ ತೋರಿಸಿದರು. ಜೀಟಾ ಎಂಬ ಪೇಟೆಯ ಬಳಿ ಹಡಗುಗಳೊಡನೆ ನೆರೆದು ಅಲ್ಲಿನ ಸ್ಮಾರಕಕ್ಕೆ ಗುಂಡಿನ ಮಳೆಗರೆದರು. ಅನೇಕರು ಚಂದಾ ನಿಲ್ಲಿಸಿದರು.

ಆಗ ಕಂಪನಿ ಮಂಡಲಿಯ ಸದಸ್ಯರನ್ನು ರೇಕ್ಯಾವಿಕ್‌ಗೆ ತುರ್ತಾಗಿ ಕರೆಸಿಕೊಂಡಿತು. ಅಂಗಡಿಯಲ್ಲಿ ಅಲಂಕಾರದ ವಸ್ತುಗಳನ್ನಷ್ಟೇ ಮಾರುವುದು, ಬಲವನ್ನು ಮಾರುವುದಿಲ್ಲ ಎಂದು ಸ್ಪಷ್ಟಪಡಿಸಲಾಯಿತು. ಅಕ್ಟೋಬರಿನಲ್ಲಿ ಮುಖ್ಯಾಧಿಕಾರಿ ಬಹಿರಂಗವಾಗಿ ಕ್ಷಮೆ ಕೇಳಿದರು. ಆದರೆ ಅದೇ ತಿಂಗಳು ಕಂಪನಿ ತನ್ನ ನೌಕರರಲ್ಲಿ ಸುಮಾರು ಐದರಲ್ಲೊಬ್ಬರನ್ನು ಕೆಲಸದಿಂದ ತೆಗೆಯಿತೆಂಬುದನ್ನೂ ಮರೆಯಬಾರದು. ಮೇಲಿನವರು ತಪ್ಪು ಲೆಕ್ಕ ಹಾಕಿದಾಗ ಸಂಬಳ ಕಳೆದುಕೊಳ್ಳುವವರು ಕೆಳಗಿನವರು. ಈ ನೀತಿ ಐಸ್‌ಲೆಂಡಿಗೂ ಒಂದೇ, ನಮಗೂ ಒಂದೇ.

ಚುನಾವಣೆಯಲ್ಲಿಯೂ ತೊಡಕಿತ್ತು. ದೊಡ್ಡ ಕೂಟಗಳು ಒಗ್ಗಟ್ಟಾಗಿ ಮತ ಹಾಕಿ ಬಹುಪಾಲು ಸ್ಥಾನ ಹಿಡಿಯುತ್ತಿದ್ದವು. ಒಂಟಿಯಾಗಿ ಆಡುವವರ ಮತ ಚೆದುರಿ ಹೋಗುತ್ತಿತ್ತು. 2013ರಿಂದ, ನಮ್ಮ ರಾಜ್ಯಸಭೆಯ ಚುನಾವಣೆಯಲ್ಲಿರುವಂತೆ, ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುರುತಿಸುವ ಪದ್ಧತಿ ಬಂತು. ಮೊದಲನೆಯವನು ಸೋತರೆ ಮತ ವ್ಯರ್ಥವಾಗದೆ ಎರಡನೆಯವನಿಗೆ ಸಲ್ಲುತ್ತದೆ. ಆದರೂ ಮತ ಸಿಗುವುದು ತಲೆಗೊಂದರಂತಲ್ಲ, ಖಾತೆಗೊಂದರಂತೆ. ಹಲವು ಖಾತೆಗಳಿಗೆ ಹಣ ಕಟ್ಟಬಲ್ಲವನಿಗೆ ಹಲವು ಮತ. ಇದು ಇನ್ನೂ ಕೊರತೆಯೇ.

ಇನ್ನೊಂದು ದಾರಿ ಪ್ರತಿನಿಧಿಗಳಿಲ್ಲದೆ ನೇರವಾಗಿ ಎಲ್ಲರನ್ನೂ ಕೇಳುವುದು. ಇಂಗ್ಲೆಂಡಿನ ಕೇಂಬ್ರಿಜ್‌ನ ಜಾಗೆಕ್ಸ್ ಕಂಪನಿ ತನ್ನ ‘ರೂನ್‌ಸ್ಕೇಪ್’ ಆಟವನ್ನು ಬಹಳವಾಗಿ ಬದಲಾಯಿಸಿದಾಗ ಹಳೆಯದೇ ಬೇಕೆಂದವರು ಅನೇಕರು. 2013ರಲ್ಲಿ ಮತ ಕೇಳಿದಾಗ ಸುಮಾರು ನಾಲ್ಕೂವರೆ ಲಕ್ಷ ಮತಗಳು ಬಿದ್ದವು. 2007ರ ರೂಪದ ಆಟವನ್ನು ಮತ್ತೆ ತೆರೆಯಲಾಯಿತು. ಅಲ್ಲಿ ಹೊಸ ಸಂಗತಿಗಳನ್ನು ಸೇರಿಸುವ ಮುನ್ನ ಮತಕ್ಕೆ ಹಾಕುವ ಪದ್ಧತಿ ಬೆಳೆಯಿತು. ಮೊದಲು ನೂರಕ್ಕೆ 75 ಒಪ್ಪಿಗೆ ಬೇಕಿತ್ತು. ಅಷ್ಟಾದರೆ ಒಳ್ಳೆಯ ಸೂಚನೆಗಳೂ ಬಿದ್ದುಹೋಗುತ್ತವೆಂದು ಮುಂದೆ 70ಕ್ಕೆ ಇಳಿಸಿದರು.

ಎರಡು ದಾರಿಗೂ ಗುಣವುಂಟು, ದೋಷವುಂಟು. ಜನಮತ ಬೇಕು, ಬೇಡ ಎಂದಷ್ಟೇ ಹೇಳಬಲ್ಲದು. ಏಕೆ ಎಂಬುದನ್ನು ಪ್ರತಿನಿಧಿ ವಿವರಿಸಬಲ್ಲ. ಆದರೆ ಪ್ರತಿನಿಧಿಯ ಹಿಂದೆ ಜನ ನಿಲ್ಲದಿದ್ದರೆ ಅವನ ಮಾತು ಕಡತ ಸೇರುತ್ತದೆ. 2011ರಲ್ಲಿ ಮಂಡಲಿಯ ಮಾತಿಗೆ ತೂಕ ಬಂದದ್ದು ಹೊರಗೆ ಸಾವಿರಾರು ಜನ ನಿಂತದ್ದರಿಂದ. ಆ ಸಾವಿರಾರು ಜನರ ಕೂಗಿಗೆ ಅರ್ಥ ಬಂದದ್ದು ಒಳಗೆ ಕುಳಿತು ವಿವರಿಸುವವರು ಇದ್ದದ್ದರಿಂದ.

ಆ ಹುಡುಗನಿಗೆ ನಾನು ಹೇಳುವುದಿಷ್ಟು: ತಮ್ಮಾ, ನಿನ್ನ ದೂರನ್ನು ಒಬ್ಬನೇ ಗೊಣಗಬೇಡ. ಹಾಗೆಯೇ ಆಡುವವರನ್ನು ಕೂಡಿಸಿಕೊಂಡು, ಏನು ಬದಲಾಯಿತು, ಯಾರಿಗೆ ನಷ್ಟ, ಏನು ಬೇಕು ಎಂದು ಸ್ಪಷ್ಟವಾಗಿ ಬರೆದು ಕಳುಹಿಸು. ಅಭ್ಯಾಸಕ್ಕೆ ನಮ್ಮ ವಾಚನಾಲಯದ ಸಲಹೆ ಪುಸ್ತಕವಿದೆ. ಬಾಗಿಲ ಬಳಿಯ ಮೇಜಿನ ಮೇಲೆ ಅದು ಬಹುದಿನದಿಂದ ಖಾಲಿ ಬಿದ್ದಿದೆ.